ಅಕ್ಕನ ಮೇಲಿನ ಹುಣಸೆ

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಕ್ಲಾಸಿನಲ್ಲಿ ಯಾವ ಹುಡುಗಿಯಾದರೂ ಅಂಥ ಮಾತು ಎತ್ತಿದರೆ ಅವತ್ತಿನ ಪಾಠ ಅಲ್ಲಿಗೇ ಬಿಟ್ಟು ಅವಳಿಗೆ ಬುದ್ಧಿ ಹೇಳುವುದೇ ಪಾಠವಾಗುತ್ತಿತ್ತು. ಅಂಥ ನಾನು ನನ್ನ ಸ್ವಂತ ಅಕ್ಕನನ್ನು ಹೂಳಿದ ಹೊಲಕ್ಕೆ ಒಂದೂವರೆ ವರ್ಷ ಹೆದರಿಕೊಂಡೇ ಹೋಗಿ ಬಂದೆ. ಹಾಡುಹಗಲೇ ಹೆದರಿದೆ. ನಗುವವರು ನಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಬಾದಾಮಿ ಹತ್ತಿರದ ಸರ್ಕಾರಿ ಸಸಿಮಡಿಯಲ್ಲಿ ಕೆಲಸ. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾವಿಬ್ಬರೂ ಬಾಗಲಕೋಟೆಯ ನವನಗರದಲ್ಲಿ ಒಂದೇ ಮನೆಯಲ್ಲಿದ್ದೆವು. ಮನುಷ್ಯರನ್ನು ಕಂಡರೆ ಸಿಡಿಸಿಡಿ ಅನ್ನುತ್ತಿದ್ದವಳು ಗಿಡಗಳ ಮುಂದೆ ಕೂತರೆ ಬೇರೆಯೇ ಹೆಂಗಸು. ಅವಳು ಹಚ್ಚಿದ ಸಸಿ ಒಣಗಿದ್ದನ್ನು ನಾನು ಕಂಡಿಲ್ಲ. ನಿವೃತ್ತಿಯಾದ ಮೇಲೂ ಅವಳ ಉಗುರಿನೊಳಗಿನ ಮಣ್ಣು ಹೋಗಲಿಲ್ಲ. ಹಿಟ್ಟು ನಾದುವುದಕ್ಕೆ ಅವಳನ್ನು ನಾನು ಬಿಡುತ್ತಲೇ ಇರಲಿಲ್ಲ.

ಸಿಮೆಂಟು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೂ ಕಾರಣವಿತ್ತು. ನಮ್ಮ ಅಪ್ಪನನ್ನು ಹೂಳಿದ ಜಾಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಮಳೆ ಹಿಂದೆ ಬಿದ್ದ ವರ್ಷ ಬೇಸಿಗೆಯಲ್ಲಿ ನೀರು ಸರಿದು ಹಳೇ ಬಾಗಲಕೋಟೆಯ ಅಂಚು ಬಯಲಾಗುತ್ತದೆ. ಅಂಥ ಒಂದು ಬೇಸಿಗೆ ಇಬ್ಬರೂ ಕೆಸರು ಒಣಗಿದ ದಾರಿಯಲ್ಲಿ ಇಳಿದು ಹೋದೆವು. ಮನೆಗಳಿಲ್ಲ, ಓಣಿ ಇಲ್ಲ. ಸುತ್ತ ಬಿರುಕುಬಿಟ್ಟ ಮಣ್ಣು, ಅದರ ನಡುವೆ ಅಪ್ಪನ ಸಿಮೆಂಟಿನ ಕಟ್ಟೆ ಒಂದೇ ಎದ್ದು ನಿಂತಿತ್ತು. ಹೆಸರು ಅಳಿಸಿಹೋಗಿತ್ತು. ಕಟ್ಟೆಯ ಕೆಳಗಿನ ಮಣ್ಣನ್ನು ನೀರು ಕೊರೆದಿತ್ತು, ಬಗ್ಗಿ ನೋಡಿದರೆ ಒಳಗೆ ಕತ್ತಲೆ ಬಿಟ್ಟು ಬೇರೇನೂ ಇರಲಿಲ್ಲ.

"ಅಪ್ಪ ಯಾವಾಗೋ ಹೋಗ್ಯಾನ. ಇದೊಂದು ಉಳದೈತಿ ನೋಡು, ಹೋಗಾಕ ಬರದs," ಎಂದಳು ಅಕ್ಕ.

ಆಮೇಲೆ ಮೊಬೈಲಿನಲ್ಲಿ ಅದೇ ವಿಷಯ ಹುಡುಕಿ ಹುಡುಕಿ ನೋಡತೊಡಗಿದಳು. ಹೊರದೇಶಗಳಲ್ಲಿ ಸತ್ತವರನ್ನು ಮರದ ಚಕ್ಕೆ, ಹುಲ್ಲಿನ ಜೊತೆ ಒಂದು ಪೆಟ್ಟಿಗೆಯಲ್ಲಿಟ್ಟು ಕೆಲವು ತಿಂಗಳಲ್ಲಿ ಗೊಬ್ಬರ ಮಾಡುತ್ತಾರಂತೆ. ಅಣಬೆಯ ಎಳೆ ಸೇರಿಸಿ ಹೊಲಿದ ಬಟ್ಟೆ ಉಡಿಸುತ್ತಾರಂತೆ. ಊಟದ ಹೊತ್ತಿಗೆ ಇದನ್ನೆಲ್ಲ ನನಗೆ ತೋರಿಸಿ ನಗುತ್ತಿದ್ದಳು.

"ಇವರು ಈಗ ಕಲ್ತಾರ. ನಮ್ಮವರು ಮೊದಲಿಂದ ಬರೇ ಮಣ್ಣಾಗs ಇಡ್ತಾರ, ಪೆಟಗಿ ಇಲ್ಲ, ಏನಿಲ್ಲ. ಆಮ್ಯಾಲ ಮ್ಯಾಲ ಸಿಮೆಂಟ್ ಬಡದು ಕೆಡಸ್ತಾರ. ನನಗ ಹಂಗ ಮಾಡಬ್ಯಾಡ. ರಾಮಥಾಳದ ಹೊಲದಾಗ ಇಡು. ಮ್ಯಾಲೊಂದು ಹುಣಸಿ ಗಿಡ ಹಚ್ಚು."

"ಹುಣಸಿ ಯಾಕ? ಬೇವು ಹಚ್ಚತೇನಿ."

"ಬೇವು ಕಡೀತಾರ. ಹುಣಸ್ಯಾಗ ದೆವ್ವ ಇರತೈತಿ ಅಂತ ಯಾರೂ ಕೊಡ್ಲಿ ಹಚ್ಚಂಗಿಲ್ಲ. ಒಂದೆರಡು ವರ್ಷದಾಗ ನಾ ಪೂರಾ ಕರಗಿ ಬೇರಿಗೆ ಹೋಗಿರ್ತೇನಿ. ನನ್ನ ಹೆಸರಿನ ಹಲಗಿ ಸುದ್ದಾ ಬ್ಯಾಡ."

ಇದಕ್ಕೆ ಅಡ್ಡ ನಿಂತವರು ನಮ್ಮ ಕಾಕಾ, ಅಪ್ಪನ ಕೊನೆಯ ತಮ್ಮ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟಿಗೆ ಪಾಲಿಶ್ ಹಿಡಿಯುವ ಕೆಲಸ ಅವರದು. ಊರಿನ ಅರ್ಧ ಸಮಾಧಿಗಳ ಮೇಲೆ ಅವರ ಕಲ್ಲೇ ಹೊಳೆಯುತ್ತದೆ. ಕೆಟ್ಟವರೇನಲ್ಲ, ಅಣ್ಣನ ಮಗಳನ್ನು ಗುರುತಿಲ್ಲದೆ ಬಿಡುವುದು ಅವರಿಗೆ ಅವಮಾನದಂತೆ ಕಂಡಿತು. ಅಕ್ಕ ಹಾಸಿಗೆ ಹಿಡಿದಾಗ ಬಂದು ಅವಳ ಕೈಹಿಡಿದು ಕೂತರು. ಕಡೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಎರಡು ಮಳೆಗಾಲ ನೋಡುವುದು. ಅಷ್ಟರಲ್ಲಿ ಹುಣಸೆ ಬೇರು ಹಿಡಿದು ಹತ್ತಿದರೆ ಕಾಕಾ ಆ ಹೊಲದ ಕಡೆ ಕಲ್ಲು ತರುವುದಿಲ್ಲ. ಹತ್ತದಿದ್ದರೆ ಗದ್ದುಗೆ ಕಟ್ಟಿ ಕೆಂಪು ಕಲ್ಲು ಕೂರಿಸುತ್ತಾರೆ. "ನಾ ಹಚ್ಚಿಸಿದ್ದು ಹತ್ತಲಾರದs ಏನ ಮಾಡತೈತಿ," ಎಂದು ಅಕ್ಕ ಧೈರ್ಯವಾಗಿ ಒಪ್ಪಿಕೊಂಡಳು. ಹದಿನೆಂಟು ದಿನಕ್ಕೆ ಹೋಗಿಬಿಟ್ಟಳು.

ಹುನಗುಂದ ತಾಲೂಕಿನ ಆ ಹೊಲ ನಮ್ಮ ಅವ್ವನ ಕಡೆಯದು, ಎರಡೆಕರೆ ಎರೆಭೂಮಿ. ಅದನ್ನು ಪಾಲಿಗೆ ಮಾಡುವವನು ಒಬ್ಬ ಸಾಬರವನು. ಅವನ ಅಪ್ಪನೂ ಅದೇ ಹೊಲ ಮಾಡಿದವನು. ಗುಂಡಿ ತೋಡಿದ್ದೂ ಅವನೇ. ನಮ್ಮ ಪದ್ಧತಿಯಂತೆ ಅಕ್ಕನನ್ನು ಗುಂಡಿಯೊಳಗೆ ಕೂರಿಸಿದರು. ವಿಭೂತಿ, ಬಿಲ್ವಪತ್ರೆ, ಉಪ್ಪು ಎಲ್ಲವೂ ಆಯಿತು. ಕಲ್ಲಿಲ್ಲದ ಮೇಲೆ ನಾಯಿ ನರಿ ಕೆದರಿಯಾವು ಎಂದು ಉಪ್ಪನ್ನು ಮಾತ್ರ ನಾನೇ ನಿಂತು ಧಾರಾಳವಾಗಿ ಹಾಕಿಸಿದೆ. ಯಾರೂ ಬೇಡ ಅನ್ನಲಿಲ್ಲ. ಮಣ್ಣು ಸಮ ಮಾಡಿ, ಅಕ್ಕನೇ ಡಬ್ಬಿಯಲ್ಲಿ ಎಬ್ಬಿಸಿಟ್ಟಿದ್ದ ಹುಣಸೆ ಸಸಿಯನ್ನು ಅದರ ಮೇಲೆ ಹಚ್ಚಿ ಮನೆಗೆ ಬಂದೆವು.

ಮೂರು ವಾರಕ್ಕೆ ಸಸಿಯ ಎಲೆತುದಿ ಕಂದುಬಣ್ಣಕ್ಕೆ ತಿರುಗಿತು. ಐದನೇ ವಾರಕ್ಕೆ ಮುಟ್ಟಿದರೆ ಮುರಿಯುವಂತಾಯಿತು. ಮಳೆ ಬರುತ್ತಲೇ ಇತ್ತು. ನಾಲ್ಕು ಮಾರು ಆಚೆ ತೊಗರಿ ಸೊಕ್ಕಿ ಬೆಳೆದಿತ್ತು. ನನ್ನ ಕೈಗುಣ ಅಂದುಕೊಂಡು ಎರಡನೇ ಸಸಿ ತಂದೆ. ಅದೂ ಹೋಯಿತು. ಮೂರನೆಯದನ್ನು ಬಾದಾಮಿಯ ಸಸಿಮಡಿಯಿಂದ, ಅಕ್ಕನ ಕೈಕೆಳಗೆ ಕೆಲಸ ಕಲಿತ ಹೆಂಗಸಿನಿಂದ ಇಸಿದುಕೊಂಡು ಬಂದೆ. ಅವಳೇ ಬಂದು ಹಚ್ಚಿಹೋದಳು. ಅದು ಎಲ್ಲಕ್ಕಿಂತ ಬೇಗ ಸತ್ತಿತು.

ಆಮೇಲೆ ಗಮನಿಸಿದೆ. ಹುಣಸೆಯಷ್ಟೇ ಅಲ್ಲ, ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಕಸ ಕೂಡ ಇಲ್ಲ. ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ಹಿಡಿಯಷ್ಟು ಜಾಗವನ್ನೂ ಕಸ ಬಿಡುವುದಿಲ್ಲ. ಅಕ್ಕನ ಸುತ್ತ ಮಾತ್ರ ಒಬ್ಬ ಮನುಷ್ಯ ಕಾಲು ಚಾಚಿ ಕೂರುವಷ್ಟು ಜಾಗ ಬೋಳಾಗಿತ್ತು. ತೊಗರಿಯ ಸಾಲು ಅಲ್ಲಿಗೆ ಬಂದು ನಿಂತು, ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಹೋದರೆ ಆ ಜಾಗ ಹಸಿಯಾಗಿರುತ್ತಿತ್ತು. ವಾರಗಟ್ಟಲೆ ಮಳೆಯಿಲ್ಲದ ದಿನವೂ ಹಸಿ. ಸುತ್ತಲಿನ ಮಣ್ಣು ಒಣಗಿ ಬೂದಿ ಬಣ್ಣಕ್ಕೆ ಬಂದಿದ್ದರೆ ಅಲ್ಲಿ ಮಾತ್ರ ಕಪ್ಪಗೆ, ತೇವದ ಬಟ್ಟೆಯಲ್ಲಿ ಯಾರೋ ಕೂತು ಈಗಷ್ಟೇ ಎದ್ದುಹೋದ ಹಾಗೆ. ಬಿಸಿಲೇರಿದಂತೆ ಆ ಗುರುತು ಅಂಚಿನಿಂದ ಸಣ್ಣದಾಗುತ್ತ ಹೋಗಿ ಹನ್ನೊಂದರ ಹೊತ್ತಿಗೆ ಇಲ್ಲವಾಗುತ್ತಿತ್ತು. ನಾನು ಒಂದು ಬೆಳಿಗ್ಗೆ ಪೂರ್ತಿ ಅಲ್ಲೇ ನಿಂತು ಅದನ್ನು ನೋಡಿದೆ. ಕೈ ಇಟ್ಟು ನೋಡುವ ಧೈರ್ಯ ಬರಲಿಲ್ಲ.

ಪಾಲಿನವನೂ ನೋಡಿದ್ದ, ನನಗೆ ಹೇಳಿರಲಿಲ್ಲ. ಕೇಳಿದಾಗ ಮುಖ ಬೇರೆ ಕಡೆ ಮಾಡಿದ. "ದಿನಾ ಹಿಂಗs ಇರತೈತ್ರಿ ಬಾಯಾರ. ನಮ್ಮ ಮನಿಯಾಕಿ ಈ ಕಡೆ ಬುತ್ತಿ ತರೂದು ಬಿಟ್ಟಾಳ್ರಿ," ಎಂದ. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರ ಅನ್ನುತ್ತಾರೆ, ಅವನ ಮಕ್ಕಳಿಬ್ಬರೂ ನನ್ನ ಕೈಯಲ್ಲಿ ಕಲಿತವರು.

ಎರಡನೇ ವರ್ಷ ಹಿಂಗಾರಿನ ಹೊತ್ತಿಗೆ ಕುರಿಗಳು ಬಂದವು. ಅವತ್ತು ಮಧ್ಯಾಹ್ನ ನಾನು ಹೊಲದಲ್ಲೇ ಇದ್ದೆ. ದೂರದ ಒಡ್ಡಿನ ಮೇಲೆ ಒಬ್ಬ ಕುರುಬರ ಮುದುಕ ನೂರಾರು ಕುರಿ ಹೊಡೆದುಕೊಂಡು ಹೊರಟಿದ್ದ. ಮುಂದಿನ ಕುರಿ ನಿಂತಿತು. ಮೂಗು ಎತ್ತಿತು. ಆಮೇಲೆ ಹಿಂಡಿಗೆ ಹಿಂಡೇ ಒಡ್ಡು ಇಳಿದು, ಹಸಿರಾಗಿದ್ದ ತೊಗರಿಗೆ ಬಾಯಿ ಹಾಕದೆ, ನೇರ ಅಕ್ಕನ ಕಡೆ ನಡೆದು ಬಂದವು. ಮುದುಕ ಕೂಗಿದ, ಕೋಲು ಬೀಸಿದ. ಅವು ಕೇಳಲಿಲ್ಲ. ಮುಂದಿನವು ಮುಂಗಾಲು ಮಡಚಿ ಮಂಡಿಯೂರಿದವು, ತಲೆ ತಗ್ಗಿಸಿ ನೆಲ ನೆಕ್ಕತೊಡಗಿದವು. ಹಿಂದಿನವು ಸುತ್ತ ಒತ್ತಿಕೊಂಡು ತಮ್ಮ ಪಾಳಿ ಕಾದವು. ಒಂದು ಕುರಿಯೂ ಬ್ಯಾ ಅನ್ನಲಿಲ್ಲ. ನಾಲಿಗೆಗಳ ಸಪ್ಪಳ ಮಾತ್ರ, ಒರಟು ಬಟ್ಟೆಯನ್ನು ಕಲ್ಲಿಗೆ ಉಜ್ಜಿದಂತೆ.

ಮುದುಕ ಹೆಗಲ ಕಂಬಳಿ ತೆಗೆದು ನೆಲಕ್ಕಿಟ್ಟು ಕೈಮುಗಿದ. "ಯಾರನ್ನ ಇಟ್ಟೀರವ್ವ ಇಲ್ಲಿ?" ಎಂದ.

"ನಮ್ಮಕ್ಕನ್ನ."

"ಸಾಮಾನ್ಯದಾಕಿ ಅಲ್ಲವಾ ಆಕಿ. ಮೂಕಜೀವಕ್ಕ ಗೊತ್ತಾಗೈತಿ ನೋಡು."

ಇಷ್ಟು ಸಾಕಾಯಿತು. ಎಂಟು ದಿನದಲ್ಲಿ ಹುನಗುಂದದ ತನಕ ಸುದ್ದಿ. ಬೋಳು ಜಾಗದ ಅಂಚಿನಲ್ಲಿ ನಿಂಬೆಹಣ್ಣು, ಬಳೆ, ಗುಳೇದಗುಡ್ಡದ ಹೊಸ ಕುಪ್ಪಸದ ಖಣ ಮಡಚಿಟ್ಟಿದ್ದು, ಊದಿನಕಡ್ಡಿಯ ಬೂದಿ. ಮಕ್ಕಳಾಗದವರು ಬಂದರು, ತುಳಸಿಗೇರಿಯ ಹನುಮಪ್ಪನಿಗೆ ಹೋಗಿ ಬರುವವರು ದಾರಿ ಬಳಸಿಕೊಂಡು ಬಂದರು. ಹಬ್ಬಕ್ಕೆ ಬಾರದ ನೆಂಟರೂ ಬಂದರು. ಬದುಕಿದ್ದಾಗ ಅಕ್ಕನ ಬಾಯಿಗೆ ಹೆದರಿ ನಮ್ಮ ಓಣಿಗೇ ಕಾಲಿಡದ ಒಬ್ಬ ಹೆಂಗಸು ಅಲ್ಲಿ ಕಣ್ಣುಮುಚ್ಚಿ ಕೂತಿದ್ದನ್ನು ನೋಡಿ ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಕಾಕಾ ಬಂದವರು ಟೇಪು ಹಿಡಿದು ನಾಲ್ಕು ಕಡೆಯೂ ಅಳೆದರು. "ಎರಡು ಮಳಿ ಆತು. ಗಿಡಾ ಬ್ಯಾಡ ಅಂತ ಆಕಿನs ಹೇಳಾಕತ್ಯಾಳ, ಯವ್ವಾ. ನಿನಗ ಕೇಳವಲ್ದು. ಸೋಮವಾರ ಕಲ್ಲು ತರಸ್ತೇನಿ," ಎಂದರು. ದನಿಯಲ್ಲಿ ಗೆದ್ದ ಜಂಬವಿರಲಿಲ್ಲ, ನಿಜವಾದ ಭಯಭಕ್ತಿಯಿತ್ತು.

ನಾನು ಅವರನ್ನು ತಡೆಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನೂ ನಂಬಿಬಿಟ್ಟಿದ್ದೆ. ಅಕ್ಕ ಪವಾಡ ಮಾಡುತ್ತಿದ್ದಾಳೆ ಎಂದಲ್ಲ. ಅಕ್ಕನಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ಹಸಿರು ಮುಟ್ಟಗೊಡುತ್ತಿಲ್ಲ, ಬೆಳಿಗ್ಗೆ ಎದ್ದು ಬಂದು ಕೂತು ನನ್ನ ದಾರಿ ನೋಡುತ್ತಾಳೆ ಎಂದು. ಯಾವ ತಪ್ಪಿಗೆ ಎಂದು ತಿಳಿಯದೆ ಒಳಗೇ ಕುದಿಯುತ್ತಿದ್ದೆ.

ಕಾಕಾ ಹೋದ ಮೇಲೆ ಪಾಲಿನವನು ಬಹಳ ಹೊತ್ತು ಆ ಜಾಗ ನೋಡುತ್ತ ನಿಂತ. ಆಮೇಲೆ ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡ. ಬಿಸಿಲಿಗೆ ಅದರ ಮೇಲೆ ಬಿಳಿ ಪುಡಿ ಕಟ್ಟಿತ್ತು. ನಾನದನ್ನು ಅಷ್ಟು ದಿನ ವಿಭೂತಿ ಎಂದೇ ತಿಳಿದಿದ್ದೆ. ಅವನು ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿದ.

"ನೀರು ಹೆಚ್ಚು ಕುಡಿಸಿ ಹೊಲ ಉಪ್ಪೆದ್ದು ಸವಳಾದಾಗ ಹಿಂಗs ಆಗತೈತ್ರಿ. ಆದರ ಇಲ್ಲಿ ನೀರs ಇಲ್ಲ." ಹೆಂಟೆ ನನ್ನ ಮುಂದೆ ಹಿಡಿದು ಕೇಳಿದ: "ಬಾಯಾರ, ಅವತ್ತು ಉಪ್ಪು ಎಷ್ಟು ಚೀಲ ಹಾಕಸಿದ್ರಿ?"

ನಾಲ್ಕು. ನಾಲ್ಕು ಚೀಲ ಹರಳುಪ್ಪು. ಬೇರೆಯವರು ನಾಲ್ಕೈದು ಸೇರು ಹಾಕುವ ಕಡೆ ಮೂರು ಚೀಲ ಅಕ್ಕನ ಸುತ್ತ, ಒಂದು ಚೀಲ ಮೇಲಿನ ಮಣ್ಣಿಗೆ. ಅವನ ಕೈಯಿಂದ ಹೆಂಟೆ ಇಸಿದುಕೊಂಡು ನಾನೂ ನೆಕ್ಕಿದೆ. ನಾಲಿಗೆ ಸುಟ್ಟಂತಾಯಿತು.

ಗಿಡದ ಬೇರಿನ ನೀರನ್ನು ಉಪ್ಪು ಎಳೆದುಕೊಳ್ಳುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಬೆಳಿಗ್ಗೆ ಹಸಿ. ಕುರಿಗೆ ಉಪ್ಪಿನ ಆಸೆ, ಇದು ಯಾವ ಕುರುಬರ ಮುದುಕನಿಗೂ ಗೊತ್ತಿರಬೇಕಾದ ಮಾತು. ಇದನ್ನೆಲ್ಲ ಆಲೂಗಡ್ಡೆಯ ಹೋಳು ಇಟ್ಟು ಮೂವತ್ತೊಂದು ವರ್ಷ ಮಕ್ಕಳಿಗೆ ತೋರಿಸಿದವಳು ನಾನು. ನಾಚಿಕೆಯಾಯಿತು, ಆದರೂ ಎದೆ ಹಗುರಾಯಿತು. ಅಕ್ಕ ಸಿಟ್ಟಾಗಿಲ್ಲ, ಉಪ್ಪು ಅಷ್ಟೇ. ಅಲ್ಲೇ ನಿಂತು ಕಾಕಾಗೆ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಅವರು, "ಹಂಗಾದ್ರ ಮಣ್ಣು ಬದಲಿ ಮಾಡು. ಸೋಮವಾರ ಬಂದು ನೋಡ್ತೇನಿ. ಬರೇ ಉಪ್ಪಿಂದs ಖರೇ ಇದ್ರ ನಾ ಇನ್ನೊಂದು ಮಳಿ ಕಾಯ್ತೇನಿ," ಎಂದರು.

ಬಸ್ಸಿನಲ್ಲಿ ಬಾಗಲಕೋಟೆಗೆ ಬರುವಾಗ ಉಳಿದರ್ಧ ತಲೆಗೆ ಹೊಳೆಯಿತು. ಅದೇ ಪಾಠದ ಮುಂದಿನ ಪುಟ. ಉಪ್ಪಿನಕಾಯಿ ಯಾಕೆ ಕೆಡುವುದಿಲ್ಲ, ಒಣಮೀನು ಯಾಕೆ ಕೊಳೆಯುವುದಿಲ್ಲ. ಬೇರನ್ನು ಬಿಡದ ಉಪ್ಪು ಕೊಳೆಸುವ ಹುಳವನ್ನು ಬಿಟ್ಟೀತೇ? ಮಣ್ಣಾಗಬೇಕು, ಕರಗಬೇಕು ಎಂದು ಬೇಡಿಕೊಂಡ ಅಕ್ಕ ಒಂದೂವರೆ ವರ್ಷದಿಂದ ಅಲ್ಲಿ ಹಾಗೆಯೇ ಕೂತಿದ್ದಾಳೆ. ಕೂರಿಸಿದವಳು ನಾನು. ಪಕ್ಕದ ಹೆಂಗಸು ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟಳು.

ಶನಿವಾರ ಬೆಳಗಾಗುತ್ತಲೇ ಹೊಲಕ್ಕೆ ಹೋದೆ. ಕಾಕಾಗೆ ಹೇಳಿದ್ದು ಮೇಲಿನ ಎರಡು ಅಡಿ ಮಣ್ಣು ತೆಗೆಯುತ್ತೇವೆಂದು. ಅಷ್ಟಾದ ಮೇಲೆ ಪಾಲಿನವನು ಸಲಿಕೆ ನಿಲ್ಲಿಸಿದ. ಮಣ್ಣಿನ ಜೊತೆ ಉಪ್ಪಿನ ಗಟ್ಟಿಗಳು ಬರುತ್ತಲೇ ಇದ್ದವು.

"ಇನ್ನೂ ಕೆಳಗ ತಗಿ," ಎಂದೆ.

"ಬ್ಯಾಡ್ರಿ ಬಾಯಾರ. ಇಟ್ಟವರನ್ನ ಎಬ್ಬಸಬಾರದ್ರಿ. ನಿಮ್ಮಾಗೂ ಇಲ್ಲ, ನಮ್ಮಾಗೂ ಇಲ್ಲ."

"ಎಬ್ಬಸಂಗಿಲ್ಲ. ಉಪ್ಪು ತಗಿಯೂದು. ಇಲ್ಲಂದ್ರ ಆಕಿಗೆ ಬಿಡಗಡಿನs ಇಲ್ಲ."

ಅವನು ಬಿಸ್ಮಿಲ್ಲಾ ಅಂದು ಮತ್ತೆ ಇಳಿದ. ಇದಕ್ಕೆ ಯಾರ ಅಪ್ಪಣೆ ಬೇಕಿತ್ತೋ ಅದನ್ನು ನಾನು ಕೇಳಲಿಲ್ಲ, ಇಂದಿಗೂ ಅದನ್ನು ಸರಿ ಎಂದು ವಾದಿಸುವುದಿಲ್ಲ. ಇನ್ನೊಂದು ಅಡಿ ಹೋದ ಮೇಲೆ ಅವನು ಸಲಿಕೆ ಬದಿಗಿಟ್ಟು ಕೈಯಿಂದ ಬಿಡಿಸತೊಡಗಿದ. ಆಮೇಲೆ ಕೈಯೂ ನಿಂತಿತು. "ನೀವು ಈ ಕಡೆ ಬರಬ್ಯಾಡ್ರಿ," ಎಂದ, ತಲೆ ಎತ್ತದೆ.

ನಾನು ಹೋದೆ. ಕೂತವರ ತಲೆಯೇ ಮೊದಲು ಸಿಗುತ್ತದೆ. ಹೊದಿಸಿದ ಬಿಳಿ ಬಟ್ಟೆ ಗಟ್ಟಿಯಾಗಿ ತಲೆಗೆ ಅಂಟಿಕೊಂಡಿತ್ತು. ನಾನು ಗುಂಡಿಗಿಳಿದು ಅದನ್ನು ಸರಿಸಿದೆ. ಅಕ್ಕನೇ. ಸಣ್ಣವಳಾಗಿದ್ದಳು, ಕಪ್ಪಾಗಿದ್ದಳು, ಕೆನ್ನೆ ಒಳಗೆ ಹೋಗಿತ್ತು. ಆದರೆ ಅಕ್ಕನೇ. ಬೈತಲೆಯ ಬಿಳಿಕೂದಲು ಬೆಳಿಗ್ಗೆ ನಾನೇ ಬಾಚಿದಂತೆ ಇತ್ತು. ಸಿಟ್ಟು ಬಂದಾಗ ಎತ್ತುತ್ತಿದ್ದ ಎಡಹುಬ್ಬು ಅಲ್ಲೇ ಇತ್ತು. ಹಣೆಯ ವಿಭೂತಿ ಅಳಿಸಿರಲಿಲ್ಲ. ಕೊರಳ ಹತ್ತಿರ ಒಂದು ಬಿಲ್ವದ ಎಲೆ ಇನ್ನೂ ಹಸಿರಿನ ನೆನಪು ಇಟ್ಟುಕೊಂಡಿತ್ತು.

ಹೆದರಿಕೆಯಾಗಲಿಲ್ಲ. ಹೆದರಬೇಕಿತ್ತು. ನನಗೆ ಸಂತೋಷವಾಯಿತು. ಸಿಕ್ಕಳಲ್ಲ ಅನಿಸಿತು. ಎಷ್ಟು ಸಂತೋಷವೆಂದರೆ, ಅವಳ ಮುಂದೆ ಮಂಡಿಯೂರಿ ಕೂತು, ಊಟ ಮಾಡಿದೆಯಾ ಅನ್ನುವ ದನಿಯಲ್ಲಿ, "ಅಕ್ಕಾ" ಎಂದು ಕರೆದೆ. ನನ್ನದೇ ಆ ದನಿ ಕೇಳಿದ ಮೇಲೆ ನನಗೆ ಖರೆ ಗೊತ್ತಾಯಿತು. ನಾಯಿ ನರಿಯ ಮಾತು ಸುಳ್ಳು. ಆ ಹೊಲದಲ್ಲಿ ನರಿ ಕಂಡವರಿಲ್ಲ, ಆರಡಿ ಗುಂಡಿಯನ್ನು ನಾಯಿ ಕೆದರುವುದಿಲ್ಲ. ಎರಡು ವರ್ಷದಲ್ಲಿ ಪೂರಾ ಕರಗುತ್ತೇನೆ ಎಂದು ಅವಳು ನಗುತ್ತ ಹೇಳಿದಾಗಲೇ ನಾನು ಒಳಗೊಳಗೇ ಒಲ್ಲೆ ಅಂದಿದ್ದೆ. ಅವಳು ಇಲ್ಲವಾಗುವುದು ನನಗೆ ಬೇಡವಾಗಿತ್ತು. ಉಪ್ಪು ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೇ ನಾಲ್ಕು ಚೀಲ ತರಿಸಿದ್ದೆ. ಅಪ್ಪನ ಮೇಲೆ ಸಿಮೆಂಟು ಬಡಿದವರಿಗಿಂತ ನಾನು ಮಾಡಿದ್ದು ಹೆಚ್ಚಿನದು.

ಪಾಲಿನವನು ಅಂಚಿನಲ್ಲಿ ನಿಂತು ರಸ್ತೆ ಕಡೆ ನೋಡುತ್ತಿದ್ದ. ಅಕ್ಕ ಕೆಟ್ಟಿಲ್ಲ ಎಂಬ ಒಂದು ಮಾತು ಅವನ ಬಾಯಿಂದ ಊರು ಸೇರಿದರೆ ಮುಗಿಯಿತು, ಗದ್ದುಗೆ ಅಲ್ಲ, ಗುಡಿಯೇ ಏಳುತ್ತದೆ. ಅವಳು ಮತ್ತೆಂದೂ ಮಣ್ಣಾಗುವುದಿಲ್ಲ. ನಾನು ಬೇಡಿಕೊಳ್ಳುವ ಮೊದಲೇ ಅವನು ಹೇಳಿದ:

"ನಾ ಉಪ್ಪಷ್ಟs ಕಂಡೇನ್ರಿ. ಲಗೂನ ತಗೀರಿ, ಮಂದಿ ಬರೂ ಹೊತ್ತಾತು."

ಇಬ್ಬರೂ ಸೇರಿ ಉಪ್ಪು ತೆಗೆದೆವು. ಹೆಗಲಿನ ಸುತ್ತಲಿನದು, ಬೆನ್ನ ಹಿಂದಿನದು, ಮಡಿಲಲ್ಲಿ ಗಡ್ಡೆ ಕಟ್ಟಿದ್ದು, ಕೈಗೆ ಎಟುಕಿದಷ್ಟೂ. ಬುಟ್ಟಿಗಳಲ್ಲಿ ಅವನು ಮೇಲೆ ಒಯ್ದು ಚೀಲಕ್ಕೆ ತುಂಬಿದ. ಸೆರಗಿನ ತುದಿಯಿಂದ ನಾನು ಅವಳ ಹುಬ್ಬು, ರೆಪ್ಪೆ, ಕಿವಿಯ ಮಡಿಕೆ ಒರೆಸಿದೆ. ಹರಳು ಒಂದೊಂದಾಗಿ ಬಿಟ್ಟುಕೊಂಡವು. ಅವನು ಒಡ್ಡಿನ ಕಡೆಯಿಂದ ಒಳ್ಳೆ ಮಣ್ಣು, ತಿಪ್ಪೆಗೊಬ್ಬರ, ಒಂದು ಕೊಡ ನೀರು ತಂದ. ಎದೆಯ ತನಕ ಅವನೇ ಮಣ್ಣು ತುಂಬಿದ. ಅಲ್ಲಿಗೆ ಸಲಿಕೆ ನಿಲ್ಲಿಸಿ ನನ್ನನ್ನು ನೋಡಿದ.

"ಹೋಗಕ್ಕ, ಇನ್ನ ಹೋಗು," ಎಂದೆ. ಮುಖದ ಮೇಲಿನ ಮಣ್ಣನ್ನು ಅವನ ಕೈಗೆ ಬಿಡಲಿಲ್ಲ. ಬೊಗಸೆಯಲ್ಲಿ ತುಂಬಿಕೊಂಡು ನಾನೇ ಹಾಕಿದೆ, ಕಣ್ಣುಗಳಿಂದ ಶುರುಮಾಡಿ.